ಪುಣೆ ಬಸ್ಸಿಗೆ ಕೊಟ್ಟ ಬಾಟ್ಲಿ

೧೯೮೭ರ ಪಿತೃಪಕ್ಷ. ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಪುಣೆ ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದೆ. ಬೋರಗಾಂವದ ಮುದುಕಿಯೊಬ್ಬಳು ಕಂಡಕ್ಟರನ ಕೈಗೆ ಚೀಲ ಕೊಡುತ್ತಿದ್ದಳು.

“ಒಳಗ ಏನೈತಿ ಆಯಿ?”

“ಹೋಳಿಗಿ, ಒಂದ ದಾರೂ ಬಾಟ್ಲಿ. ಮಗ ಭರಮುಗ ರಜಾ ಸಿಕ್ಕಿಲ್ರಿ. ಪುಣೆ ಸ್ಟ್ಯಾಂಡಿಗಿ ಬರ್ತಾನ. ಅವರಪ್ಪನ ಫೋಟೋದ ಮುಂದ ಎಡಿ ಇಡಬೇಕು.”

“ಬಾಟ್ಲಿ ಬ್ಯಾಡ. ಗಡಿ ದಾಟಾಕ ಪರ್ಮಿಟ್ ಬೇಕು. ಕಾಗಲ್ ನಾಕಾದಾಗ ಚೀಲ ಬಿಚ್ಚಿ ನೋಡ್ತಾರ, ನನ್ನ ನೌಕರಿ ಹೋಗತೈತಿ.”

“ಸತ್ತವರ ಎಡಿಗೂ ಪರ್ಮಿಟ್ ಬೇಕೇನ್ರಿ?”

“ಹೂಂ. ಮಗ ಅಲ್ಲೇ ತಗೊಳ್ಳಲಿ.”

“ಅಲ್ಲೀದು ಅವರಿಗಿ ಸೇರತಿರಲಿಲ್ಲ. ನಮ್ಮೂರ ಅಂಗಡೀದ ಬೇಕಂತಿದ್ರು. ಇದ್ದಾಗ ನಾನ ಬೈದು ಬೈದು ಬಿಡಿಸಿದ್ನಿ.”

ಕಂಡಕ್ಟರ ಚೀಲ ಹಿಂದಕ್ಕೆ ಕೊಟ್ಟ.

“ಖಾಲಿ ಬಾಟ್ಲಿಗಿ ಏನರ ಕಾಯ್ದೆ ಐತೇನ್ರಿ?”

“ಖಾಲೀದಕ್ಕ ಏನೂ ಇಲ್ಲ.”

ಆಕೆ ಬಾಟ್ಲಿ ತೆಗೆದು ಸ್ಟ್ಯಾಂಡಿನ ಬೇವಿನ ಮರದ ಬುಡಕ್ಕೆ ದಾರೂ ಎಲ್ಲ ಸುರಿದಳು. ಬೂಚು ಬಿಗಿಯಾಗಿ ಹಾಕಿ ಚೀಲವನ್ನು ಮತ್ತೆ ಕೊಟ್ಟಳು. ಬಸ್ಸು ಹೊರಟಾಗ ಅದರ ಜೊತೆ ನಡೆಯುತ್ತಲೇ ಕೂಗಿ ಹೇಳಿದಳು:

“ಫೋಟೋದ ಮುಂದ ಇಟ್ಟ ಮ್ಯಾಲೆನ ಬೂಚ ತೆಗೀ ಅಂತ ಭರಮುಗ ಹೇಳ್ರಿ. ವಾಸನಿ ಒಳಗ ಐತಿ.”