ಗೋಳಿಮರದ ಬಾವಿಯ ಹತ್ತಿರ ಕ್ಲೆಜ್ಮರ್ ಕೇಳಿದವರು

ಲೀಲಾಧರಣ್ಣ ಅವತ್ತು ನಡೆದೇ ಹೊರಟಿದ್ದರು. ಬೈಕು ಗ್ಯಾರೇಜಿನಲ್ಲಿತ್ತು. ಸಾಲಿಗ್ರಾಮದ ನಮ್ಮ ಮನೆಯಿಂದ ಪಡುಕರೆಯ ಅವರ ಮನೆಗೆ ಎರಡು ದಾರಿ. ಟಾರು ರಸ್ತೆಯಾದರೆ ಸುತ್ತು. ಗದ್ದೆಬೈಲು ದಾಟಿದರೆ ಹತ್ತಿರ... ಆದರೆ ನಡುವೆ ಆ ಗೋಳಿಮರ ಸಿಗುತ್ತದೆ, ಅದರ ಬುಡದಲ್ಲಿ ಯಾರೂ ನೀರು ಸೇದದ ಬಾವಿ. ಕತ್ತಲಾದ ಮೇಲೆ ಆ ಕಡೆ ಕಾಲಿಡುವವರು ಕಡಿಮೆ. ಅವರು ಬೈಲಿನ ದಾರಿಯನ್ನೇ ಹಿಡಿದರು. ಧೈರ್ಯ ಹೆಚ್ಚಾಗಿ ಅಲ್ಲ. ಸುಸ್ತು ಹೆಚ್ಚಾಗಿ.

ನೀವು ನಂಬಿ, ಬಿಡಿ. ಆ ಸಂಜೆ ನಾನು ಅವರ ಪಕ್ಕದಲ್ಲಿ ಕೂತು ಚಹಾ ಕುಡಿದವನು. ಮರುದಿನ ಬೆಳಿಗ್ಗೆ ಆ ಬಾವಿಕಟ್ಟೆಯನ್ನು ಕೈಯಿಂದ ಮುಟ್ಟಿದವನೂ ನಾನೇ.

ಲೀಲಾಧರಣ್ಣ ಮೊದಲು ಹಡಗಿನಲ್ಲಿ ಅಡುಗೆಗಿದ್ದವರು. ಊರಿಗೆ ಬಂದ ಮೇಲೆ ಮೀನಿನ ವ್ಯಾಪಾರ. ಕೋಳಿ ಕೂಗುವ ಮೊದಲೇ ಬಂದರಿಗೆ ಹೋಗಬೇಕು, ಐಸು ಹಾಕಿದ ಪೆಟ್ಟಿಗೆ ಹೊರಬೇಕು. ಮನೆಗೆ ಬಂದರೆ ಅಲ್ಲಿಯೂ ಕೆಲಸ. ಹೆಂಡತಿ ವನಜಕ್ಕನಿಗೆ ಸ್ಟ್ರೋಕ್ ಆಗಿ ಎಡಗಡೆ ಪೂರ್ತಿ ಬಿದ್ದುಹೋಗಿತ್ತು. ಮಾತಿಗೆ ಏನೂ ಆಗಿರಲಿಲ್ಲ, ನಾಲಗೆ ಮೊದಲಿಗಿಂತ ಹರಿತವಾಗಿತ್ತು. ಆದರೆ ಮಲಗಿದಲ್ಲಿ ತಾನಾಗಿ ಹೊರಳಲು ಆಗುತ್ತಿರಲಿಲ್ಲ. ರಾತ್ರಿಯಿಡೀ ಎದ್ದೆದ್ದು ಇವರೇ ಮಗ್ಗಲು ತಿರುಗಿಸಬೇಕು. ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಒಂದಿಡೀ ರಾತ್ರಿ ನಿದ್ದೆ ಮಾಡಿ ವರ್ಷವೇ ಆಗಿತ್ತು ಅವರಿಗೆ.

ಶನಿವಾರ ಸಂಜೆ ಮಾತ್ರ ಅವರದ್ದು. ನೆರೆಮನೆಯಾಕೆ ವನಜಕ್ಕನಿಗೆ ಗಂಜಿ ಉಣಿಸಿ, ಮಲಗಿಸಿ ಹೋಗುತ್ತಿದ್ದಳು. ಇವರು ನಮ್ಮಲ್ಲಿಗೆ ಬರುತ್ತಿದ್ದರು. ನನ್ನ ದೊಡ್ಡಪ್ಪ ಶಾಮರಾಯರಿಗೆ ಸಂಗೀತದ ಹುಚ್ಚು. ಮೂರೇ ಜನ ನಾವು. ಆ ವಾರ ಯಾರು ಏನು ಕೇಳಿದೆವೋ ಅದನ್ನು ತಂದು ಉಳಿದವರಿಗೆ ಕೇಳಿಸುವುದು, ಅಷ್ಟೇ.

ಅವತ್ತು ದೊಡ್ಡಪ್ಪ ಒಂದು ಹಳೆಯ ತೋಡಿ ಹಾಕಿದರು. ತಂಬೂರಿಗಿಂತ ಧ್ವನಿಮುದ್ರಿಕೆಯ ಗರಗರವೇ ಜಾಸ್ತಿ. ನಾನು ಪಿಟೀಲಿನ ಜಾತಿಯ ಚೆಲ್ಲೋ ಹಾಕಿದೆ. ಒಂಟಿ ಚೆಲ್ಲೋ, ಜೊತೆಗೆ ಬೇರೆ ಏನೂ ಇಲ್ಲ. ಲೀಲಾಧರಣ್ಣ ಮೊಬೈಲನ್ನು ಸ್ಪೀಕರಿಗೆ ಸೇರಿಸಿ, "ಇದ್ ಕ್ಲೆಜ್ಮರ್" ಅಂದರು.

"ಎಂತದ್ ಅದ್?" ಅಂದರು ದೊಡ್ಡಪ್ಪ.

"ಆ ಕಡಿ ದೇಶದ್ ಯಹೂದಿಗಳ್ ಮದಿ ವಾಲಗ ರಾಯ್ರೆ. ಹಡಗ್ ನಿಂತಲ್ಲಿ ಒಂದ್ ಮದಿ ಮನಿ ಎದ್ರ್ ನಿಂತ್ ಕೇಂಡಿದ್ದೆ. ಮೊದ್ಲ್ ಮದುಮಗಳನ್ನ ಅಳ್ಸ್ತ್ರ್. ಕಡಿಗೆ ಎಲ್ಲರನ್ನೂ ಕುಣ್ಸ್ತ್ರ್."

ಕ್ಲಾರಿನೆಟ್ ಶುರುವಾಯಿತು. ತಾಳವಿಲ್ಲ, ನಮ್ಮ ಆಲಾಪದ ಹಾಗೆಯೇ. ಒಂದು ಸ್ವರ ಹಿಡಿದು, ಅದರ ಕೊನೆಯಲ್ಲಿ ಬಿಕ್ಕುವುದು... ಬಿಕ್ಕಿದ್ದೋ ನಕ್ಕಿದ್ದೋ ಹೇಳಲು ಬರುವುದಿಲ್ಲ. ದೊಡ್ಡಪ್ಪ ಕಣ್ಣು ಮುಚ್ಚಿದರು. "ವಕುಳಾಭರಣ ರಾಗ ಅಲ್ದನಾ ಇದ್?" ಅಂದರು. ಸ್ವಲ್ಪ ಹೊತ್ತಿಗೆ ಡೋಲು ಬಿತ್ತು, ಕುಣಿತ ಎದ್ದಿತು. ಮುಗಿದ ಕೂಡಲೇ ದೊಡ್ಡಪ್ಪ ಮತ್ತೆ ಹಾಕಿಸಿದರು.

ಲೀಲಾಧರಣ್ಣ ಅದನ್ನು ಕೇಳುತ್ತಲೇ ಗೋಡೆಗೊರಗಿ ತೂಕಡಿಸಿದರು. ಆಮೇಲೆ ನಾನೇ ಎಬ್ಬಿಸಿದೆ. "ಸ್ಕೂಟರಲ್ಲಿ ಬಿಟ್ಟ್ ಬತ್ತೆ" ಅಂದೆ. "ಬ್ಯಾಡ ಸುಜಯ, ನಡ್ಕಂಡ್ ಹೋಯ್ತೆ. ಹಾಡ್ ಕೇಣ್ತಾ ಹೋದ್ರೆ ದಾರಿ ಸಾಗಿದ್ದ್ ಗೊತ್ತಾತಿಲ್ಲೆ" ಅಂದರು.

ಇನ್ನು ಮುಂದಿನದು ಅವರು ಹೇಳಿದ್ದು. ಅವರು ಹೇಳಿದ ಹಾಗೆಯೇ ಹೇಳುತ್ತೇನೆ.

ಬೈಲಿಗಿಳಿದಾಗ ಚಳಿ ಇತ್ತು. ಮೊಬೈಲು ಅಂಗಿಯ ಜೇಬಿನಲ್ಲಿ. ಕ್ಲಾರಿನೆಟ್ ಸಣ್ಣಗೆ ಹಾಡುತ್ತಿತ್ತು. ಕಾಲಡಿಯಲ್ಲಿ ಹವಾಯಿ ಚಪ್ಪಲಿ... ಪಟಕ್, ಪಟಕ್. ಹಿಂದೆ ಹೈವೇಯ ಲಾರಿಗಳ ಗುಂಯ್. ಮುಂದೆ ಕಡಲು.

ಗೋಳಿಮರದ ಕೆಳಗೆ ಬಂದಾಗ ಕಪ್ಪೆಗಳು ಸುಮ್ಮನಾದವು.

ಕ್ಲಾರಿನೆಟ್ಟಿನ ಹಿಂದೆ ಇನ್ನೊಂದು ಸ್ವರ ಕೇಳಿತು. ಒಂದು ಎಳೆ ಹಿಂದೆ. ಬಾವಿಯ ಪ್ರತಿಧ್ವನಿ ಅಂದುಕೊಂಡರು. ಎರಡು ಹೆಜ್ಜೆ ಇಟ್ಟರು. ಈಗ ಆ ಸ್ವರ ಹಿಂದಿರಲಿಲ್ಲ... ಮುಂದಿತ್ತು. ಜೇಬಿನಲ್ಲಿ ಇನ್ನೂ ಬರಬೇಕಾದ ಸ್ವರ, ಅಲ್ಲಿ ಮೊದಲೇ ಬಂದಾಗಿತ್ತು.

ಅವರು ಮೊಬೈಲು ನಿಲ್ಲಿಸಿದರು.

ಅದು ನಿಲ್ಲಲಿಲ್ಲ. ಆ ಸಾಲನ್ನು ಮುಗಿಸಿಯೇ ನಿಂತಿತು. ಆಮೇಲೆ ವಾಲಗ ಊದುವವರು ತುಟಿಯಲ್ಲಿ ಪೀಪಿ ಒದ್ದೆ ಮಾಡಿಕೊಳ್ಳುವ ಸದ್ದು... ಸ್ಸ್ಪ್... ಸ್ಸ್ಪ್...

"ಹ್ವಾಯ್... ನಿಲ್ಸಿದ್ ಎಂತಕೆ?"

ಪಿಸುಮಾತು. ಗಂಡಸಿನದ್ದು. ನಮ್ಮ ಊರಿನದ್ದೇ ಮಾತು.

"ಯಾರ್ ಅದ್?" ಅಂದರು ಇವರು.

"ಹಾಕಿ."

ಓಡಬೇಕಿತ್ತು, ಅಲ್ಲವಾ? ನಾನೂ ಅದನ್ನೇ ಕೇಳಿದೆ. "ಓಡುಕೆ ಕಾಲಲ್ಲಿ ಎಂತ ಇತ್ತ್ ಸುಜಯ" ಅಂದರು. ಹೆದರಿಕೆ ಹುಟ್ಟಬೇಕಾದರೂ ಮೈಯಲ್ಲಿ ಸ್ವಲ್ಪ ಶಕ್ತಿ ಬೇಕಂತೆ. ಅವರು ಹಾಕಿದರು.

ಈ ಸಲ ಎರಡೂ ಒಟ್ಟಿಗೆ ಹೊರಟವು. ಒಂದು ಜೇಬಿನಿಂದ, ಒಂದು ಬಾವಿಕಟ್ಟೆಯಿಂದ. ಅದು ಕ್ಲಾರಿನೆಟ್ ಅಲ್ಲ, ನಮ್ಮ ವಾಲಗದ ಹಾಗಿತ್ತು, ಆದರೆ ಮೆತ್ತಗೆ. ಅಂಥದ್ದನ್ನು ಜೀವಮಾನದಲ್ಲಿ ಕೇಳಿರಲಿಲ್ಲ ಅನ್ನುತ್ತಾರೆ. ಮೊಬೈಲಿನ ಹಾಡು ಅದರ ಮುಂದೆ ಕಲಿಯುವ ಹುಡುಗನ ಹಾಗೆ ಕೇಳುತ್ತಿತ್ತಂತೆ.

"ಬಚ್ಚಿತಾ?" ಅಂದಿತು.

ಸುಸ್ತಾಯಿತಾ ಅಂತ. ಒಂದು ವರ್ಷದಿಂದ ಯಾರೂ ಅವರನ್ನು ಆ ಮಾತು ಕೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

"ಹೌದ್."

"ಕೂಕಣಿ."

ಕೂತರು. ಕಟ್ಟೆಯ ಮೇಲೆ, ಬಾವಿಗೆ ಬೆನ್ನು ಹಾಕಿ. ಪಕ್ಕದಲ್ಲಿ ಯಾರೂ ಕಾಣಲಿಲ್ಲ. ಪಕ್ಕದಲ್ಲಿ ಯಾರೋ ಇದ್ದರು. ಎಲೆಯಡಿಕೆಯ ವಾಸನೆ.

ಅವರು ಡೋಲಿಗಾಗಿ ಕಾದರು. ಡೋಲು ಬಿದ್ದರೆ ಕುಣಿತ, ಕುಣಿತ ಮುಗಿದರೆ ಹಾಡು ಮುಗಿಯಿತು, ಎದ್ದು ಹೋಗಬಹುದು. ಡೋಲು ಬೀಳಲಿಲ್ಲ. ಅಳಿಸುವ ಭಾಗವೇ ಮುಗಿಯಲಿಲ್ಲ. ಎಳೆದು... ಎಳೆದು... ಮತ್ತೆ ಮೊದಲಿನಿಂದ. ಕಣ್ಣು ತಾನಾಗಿ ಮುಚ್ಚಿತು. ಐಸು ಪೆಟ್ಟಿಗೆಯ ಮುಚ್ಚಳ ತೆಗೆದ ಹಾಗೆ ಕುತ್ತಿಗೆಯ ಹಿಂದೆ ತಣ್ಣಗಾಯಿತು. ತಲೆ ಹಿಂದಕ್ಕೆ ವಾಲುತ್ತಿತ್ತು. ಹಿಂದೆ ದಿಂಬು ಇದೆ ಅಂತಲೇ ಅನ್ನಿಸಿತಂತೆ.

"ಹಾಂಗೇ... ಒರ್ಗಿ."

ಫೋನು ರಿಂಗಾಯಿತು.

ಕ್ಲಾರಿನೆಟ್ ನಿಂತಿತು. ಪಕ್ಕದ್ದು ನಿಲ್ಲಲಿಲ್ಲ.

ಅವರು ಕಣ್ಣು ಮುಚ್ಚಿಕೊಂಡೇ ಫೋನು ಕಿವಿಗಿಟ್ಟರು. ವನಜಕ್ಕ.

"ಹ್ವಾಯ್, ಎಲ್ಲಿ ಸತ್ರಿ? ನನ್ ಬೆನ್ನ್ ಬೆಂಕಿ ಆಯ್ತ್. ಮಗ್ಲ್ ತಿರ್ಗ್ಸುಕೆ ಬಪ್ಪುದಿಲ್ಯಾ?"

"ಬತ್ತೆ."

ವನಜಕ್ಕ ದನಿ ತಗ್ಗಿಸಿ ಕೇಳಿದರು.

"ನಿಮ್ ಹತ್ರ ಕೂಕಂಡ್ ಊದ್ತಾ ಇಪ್ಪುದ್ ಯಾರ್?"

ಆಗ ಕಣ್ಣು ಬಿಟ್ಟರು. ಎದುರಿಗೆ ಬೈಲು ಇರಲಿಲ್ಲ. ಆಕಾಶ ಇತ್ತು. ಅಷ್ಟು ಹಿಂದಕ್ಕೆ ವಾಲಿದ್ದರು. ಒಂದು ಕೈ ಕಟ್ಟೆಯ ಅಂಚಿನಲ್ಲಿ... ಕಾಲು ನೆಲದಲ್ಲಿಲ್ಲ.

ಹೇಗೋ ಮುಂದಕ್ಕೆ ಬಾಗಿದರು. ಕಾಲು ನೆಲಕ್ಕೆ ತಾಗಿತು.

"ಇನ್ನೊಂದ್ಸಲ ಹಾಕಿ" ಅಂದಿತು ಪಕ್ಕದಲ್ಲಿ.

ಬೇರೆ ಯಾರಾದರೂ ದೇವರ ಹೆಸರು ಹೇಳುತ್ತಿದ್ದರು. ಇವರ ಬಾಯಿಗೆ ದೇವರೂ ಬರಲಿಲ್ಲ. ಬಂದದ್ದು ಇಷ್ಟೇ:

"ಆತಿಲ್ಲೆ ಮಾರಾಯ್ರೆ. ಹೆಂಡ್ತಿ ಕಾಯ್ತಾ ಇತ್ತ್. ಅದ್ಕ್ ತನ್ನಷ್ಟಿಗೆ ಹೊರಳುಕೆ ಆತಿಲ್ಲೆ."

ಮರದ ಎಲೆಯೂ ಅಲ್ಲಾಡಲಿಲ್ಲ. ಆಮೇಲೆ ಒಂದು ಉದ್ದದ ಉಸಿರು. ಅವರಿಗಿಂತಲೂ ದಣಿದವನ ಉಸಿರು.

"ಹೋಯ್ನಿ ಅಂಬಗ." ಹಾಗಾದರೆ ಹೋಗಿ ಅಂತ.

ಕಲ್ಲಿನ ಮೇಲೆ ಮರದ ಏನನ್ನೋ ಇಟ್ಟ ಸದ್ದು. ಟಕ್.

ಅವರು ಓಡಲಿಲ್ಲ. ನಡೆದರು. ಫೋನು ಕಿವಿಯಲ್ಲೇ ಇತ್ತು. ವನಜಕ್ಕ ಫೋನು ಇಡದೆ ದಾರಿಯುದ್ದಕ್ಕೂ ಬೈದರು. ಬೈಲು ಮುಗಿಯುವ ತನಕ, ಗದ್ದೆಯಂಚು ಮುಗಿಯುವ ತನಕ, ಅಂಗಳಕ್ಕೆ ಕಾಲಿಡುವ ತನಕ. ಅವರು ಏನೇನು ಬೈದರೋ ಇವರಿಗೆ ಒಂದೂ ನೆನಪಿಲ್ಲ. ಒಳಗೆ ಹೋಗಿ, ಕೈಕಾಲು ತೊಳೆಯದೆ, ಹೆಂಡತಿಯ ಮಗ್ಗಲು ತಿರುಗಿಸಿದರು. ವನಜಕ್ಕ ಇವರ ಕೈ ಬಿಡಲಿಲ್ಲ. ಆ ರಾತ್ರಿ ಇಬ್ಬರೂ ನಿದ್ದೆ ಮಾಡಲಿಲ್ಲ. ದೀಪವನ್ನೂ ಆರಿಸಲಿಲ್ಲ.

ಬಂದರಿಗೆ ಹೋಗುವ ಹೊತ್ತಿಗೆ ಅವರು ನಮ್ಮ ಅಂಗಳದಲ್ಲಿದ್ದರು. ಜಗಲಿಯಲ್ಲಿ ಕೂತು, ದನಿ ಏರಿಸದೆ, ಇಷ್ಟನ್ನೂ ಹೇಳಿದರು. ದೊಡ್ಡಪ್ಪ ನಂಬಿದರೋ ಇಲ್ಲವೋ ಗೊತ್ತಿಲ್ಲ. ವನಜಕ್ಕನಿಗೆ ಫೋನಿನಲ್ಲಿ ಕೇಳಿದ್ದು ಹೌದಾ ಅಂತ ಮಾತ್ರ ಕೇಳಿದರು. "ನೀವೇ ಫೋನ್ ಮಾಡಿ ಕೇಣಿ" ಅಂದರು ಲೀಲಾಧರಣ್ಣ. ದೊಡ್ಡಪ್ಪ ಮಾಡಿದರು. ವನಜಕ್ಕ ಸಂಗೀತ ಕಲಿತವರಲ್ಲ. "ಹಾಡ್ ಅದೇ ರಾಯ್ರೆ, ಇವ್ರ್ ದಿನಾ ಹಾಕುದೇ. ಊದಿದ್ದ್ ಮಾತ್ರ ವಾಲಗದಲ್ಲಿ" ಅಂದರು.

ಅದು ಯಾರು ಅಂತ ಕೇಳಬೇಡಿ. ಊರಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮದುವೆ ಮುಗಿಸಿ ಬರುತ್ತಿದ್ದ ವಾಲಗದವ ನೀರಿಗೆ ಬಗ್ಗಿ ಬಿದ್ದಿದ್ದ ಅನ್ನುವವರಿದ್ದಾರೆ. ಆ ಬಾವಿಯಲ್ಲಿ ಯಾರೂ ಬಿದ್ದೇ ಇಲ್ಲ ಅನ್ನುವವರೂ ಇದ್ದಾರೆ. ಲೀಲಾಧರಣ್ಣ ಈಗಲೂ ಶನಿವಾರ ಬರುತ್ತಾರೆ. ನಾನೇ ಸ್ಕೂಟರಿನಲ್ಲಿ ಬಿಟ್ಟು ಬರುತ್ತೇನೆ, ಟಾರು ರಸ್ತೆಯಲ್ಲಿ.

ಆ ಬೆಳಿಗ್ಗೆ ಬಿಸಿಲು ಏಳುವ ಮೊದಲು ನಾನೊಬ್ಬನೇ ಬೈಲಿಗೆ ಹೋದೆ. ರಾತ್ರಿ ಜೋರು ಮಂಜು ಬಿದ್ದಿತ್ತು. ಹುಲ್ಲು ಒದ್ದೆ, ಗೋಳಿಯ ಬೇರು ಒದ್ದೆ, ಬಾವಿಕಟ್ಟೆ ಸುತ್ತಲೂ ಒದ್ದೆ. ಲೀಲಾಧರಣ್ಣ ಕೂತಿದ್ದೆ ಅಂದ ಜಾಗವೂ ಒದ್ದೆಯೇ. ಅದರ ಪಕ್ಕದಲ್ಲಿ ಮಾತ್ರ ಒಬ್ಬ ಮನುಷ್ಯ ಕೂರುವಷ್ಟು ಅಗಲ ಕಲ್ಲು ಒಣಗಿತ್ತು. ನಾನು ಅಂಗೈ ಇಟ್ಟು ನೋಡಿದೆ.

ಬೆಚ್ಚಗಿತ್ತು. ಆಣೆಗೂ ಬೆಚ್ಚಗಿತ್ತು.