ಅಣ್ಣ ಹಾಕಿಸಿದ ಲಿನಕ್ಸ್

ಕಂಪ್ಯೂಟರ್ ರಿಪೇರಿ ಅಂಗಡಿಯವನು ಆಗುವುದಿಲ್ಲವೆಂದು ಗೇಮಿಂಗ್ ಮೌಸನ್ನು ವಾಪಸು ಕೊಟ್ಟ. ಬೆಂಚಿನ ಮೇಲೆ ದೇವರ ನಾಮ ಜಪಿಸುತ್ತಾ ಸರದಿ ಕಾಯುತ್ತಿದ್ದ ದರ್ಜಿಯ ಪಕ್ಕಕ್ಕೇ ಅಣ್ಣ ತಂಗಿ ಬಂದು ಕೂತರು.

"ಕೇಳಿಸ್ಕೊಂಡ್ಯಾ ಅಣ್ಣ? ಇದರ ಬಟನ್ ಹೊಂದಿಸೋ ಸಾಫ್ಟ್‌ವೇರನ್ನ ಕಂಪನಿಯವರು ಲಿನಕ್ಸ್‌ಗೆ ಮಾಡೇ ಇಲ್ವಂತೆ."

"ಯಾರಾದ್ರೂ ಪುಣ್ಯಾತ್ಮರು ಬರೆದು ಹಾಕಿರ್ತಾರೆ, ಹುಡುಕೋಣ."

"ನಾಳೆ ಗೇಮಿನ ಫೈನಲ್ಲು! ಲಿನಕ್ಸಲ್ಲಿ ಎಲ್ಲಾ ನಡೆಯುತ್ತೆ ಅಂದ ನಿನ್ನ ನಂಬಿ ತಾನೇ ನಾನು ವಿಂಡೋಸ್ ತೆಗೆಸಿದ್ದು?"

"ಹಾಗಾದ್ರೆ ನನ್ನ ಲ್ಯಾಪ್‌ಟಾಪ್ ತಗೊಂಡ್ಹೋಗು."

"ಅದೂ ಲಿನಕ್ಸೇ ಅಲ್ವಾ?"

ಅಣ್ಣ ಫ್ಯಾನಿನ ಕಡೆ ನೋಡಿದ. "ಲಿನಕ್ಸಲ್ಲಿ ಹೆಡ್‌ಫೋನ್ ಕೈಕೊಡ್ತು ಅಂತ ಹೋದ ತಿಂಗಳೇ ವಿಂಡೋಸ್ ಹಾಕ್ಕೊಂಡೆ."

ದರ್ಜಿಯ ಜಪ ತಪ್ಪಿತು.

"ಮೊನ್ನೆ ಊಟಕ್ಕೆ ಕೂತಾಗಲೂ ಅಪ್ಪನಿಗೆ ಲಿನಕ್ಸ್ ಪುರಾಣ ಹೇಳ್ತಿದ್ಯಲ್ಲ!"

"ನಿಜ ಹೇಳೋಕೆ ನಾಚಿಕೆ ಆಯ್ತು ಕಣೆ."

"ಕಂಪನಿಯವರು ನನಗೇನೂ ಮಾತು ಕೊಟ್ಟಿರ್ಲಿಲ್ಲ ಅಣ್ಣ. ನೀನು ಕೊಟ್ಟಿದ್ದೆ."

ಅಣ್ಣ ಏಳುವಷ್ಟರಲ್ಲಿ ತಂಗಿ ಬೀದಿ ದಾಟಿಯಾಗಿತ್ತು.