ಹಳದಿ ಚೀಲದ ಸೂಜಿಗಳು

ಪರದೇಶದ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಕನ್ನಡ ಕೇಳಿಬಂದಾಗ ಮುಂದೆ ಕೂತಿದ್ದ, ಹೊಲಿಗೆ ಕೆಲಸ ಮಾಡುವ ಕನ್ನಡದ ಹೆಂಗಸೊಬ್ಬಳ ಕಿವಿ ನಿಮಿರಿತು. ಮಾವ, ಸೊಸೆ ಆಸ್ಪತ್ರೆಗೆ ಹೊರಟಿದ್ದರು.

“ಡಾಕ್ಟರು ಇವತ್ತು ಹೊಸ ಇನ್ಸುಲಿನ್ ಸೂಜಿ ಕೊಡ್ತಾರೆ. ಹಳೇವನ್ನ ಎಲ್ಲಿ ಹಾಕ್ತಿದೀರಿ, ಮಾವ?”

“ಹಳದಿ ಚೀಲಕ್ಕೆ. ಪ್ಲಾಸ್ಟಿಕ್ ಕಸ ಎಲ್ಲ ಅದಕ್ಕೇ ಅಂತ ನೀನೇ ಹೇಳಿದ್ಯಲ್ಲಮ್ಮ.”

“ಅಯ್ಯೋ! ಸೂಜಿ ಹಾಕೋ ಹಾಗಿಲ್ಲ. ಗಟ್ಟಿ ಡಬ್ಬೀಲಿ ಮುಚ್ಚಿ ಔಷಧಿ ಅಂಗಡಿಗೆ ಕೊಡ್ಬೇಕು.”

“ಚೀಲ ನೇರ ಕಸ ಬೇರೆ ಮಾಡೋ ಮೆಷಿನ್ನಿಗೆ ಹೋಗಲ್ವಾ?”

“ಮೊದಲು ಜನ ನಿಂತು ಕೈಯಲ್ಲೇ ಬೇರೆ ಮಾಡ್ತಾರೆ.”

ಹೊಲಿಗೆಯವಳು ತನಗರಿವಿಲ್ಲದೆಯೇ ಬೆರಳತುದಿ ಉಜ್ಜಿಕೊಂಡಳು.

“ಹೋದ ವಾರದ ಚೀಲದಲ್ಲೂ ಇತ್ತಾ, ಮಾವ?”

“ಇತ್ತು. ಅದು ಹೋಗೇಬಿಡ್ತಲ್ಲಮ್ಮ.”

“ಇವತ್ತಿನ ಚೀಲಾನೂ ಬಾಗಿಲ ಮುಂದೆ ಇಟ್ಟು ಬಂದಿದೀನಿ. ಕಸದ ಗಾಡಿ ಬರೋ ಹೊತ್ತು.”

“ಹಾಗಾದ್ರೆ ಇಳಿಯೋಣ.”

“ಡಾಕ್ಟರು? ಈ ಸಲ ತಪ್ಪಿದ್ರೆ ಮತ್ತೆ ತಿಂಗಳುಗಟ್ಟಲೆ ಕಾಯ್ಬೇಕು, ಮಾವ. ನಿಮ್ಮ ಕಾಲು ನೋಡಿ, ಹೇಗೆ ಊದಿದೆ!”

“ಕಾಲು ನಂದು ತಾನೆ? ಚುಚ್ಚೋದು ಯಾರದೋ ಕೈಗೆ. ಗಂಟೆ ಒತ್ತು, ತಾಯಿ.”

ಬಸ್ಸು ನಿಂತಿತು. ಸೊಸೆ ಕೈ ಕೊಡುವುದನ್ನೂ ಕಾಯದೆ ಮುದುಕರು ಮೆಟ್ಟಿಲಿಳಿದು, ಕೋಲೂರುತ್ತ, ಬಂದ ದಾರಿಯಲ್ಲೇ ಓಡಿದಂತೆ ನಡೆದರು.